ಲೆಗೊ ಬ್ರಿಕ್‌ನಲ್ಲಿ ಮಂಗಟ್ಟೆ ಹಕ್ಕಿ: ಕೊಕ್ಕು ನಿಲ್ಲಿಸೋದು ಹೇಗೆ?

ಕಾಡುಮಲ್ಲಿಗೆ (ಸಿದ್ದಾಪುರ, ಕೊಡಗು)

ಎಲ್ಲರಿಗೂ ನಮಸ್ಕಾರ. ಲೆಗೊ ಬ್ರಿಕ್‌ನಲ್ಲಿ ಒಂದು ದೊಡ್ಡ ಮಂಗಟ್ಟೆ (ಹಾರ್ನ್‌ಬಿಲ್) ಮಾಡಬೇಕು ಅಂತ ಹೊರಟಿದ್ದೇನೆ. ಡಬ್ಬದಲ್ಲಿ ಬರುವ ಸೆಟ್ ಅಲ್ಲ, ಪುಸ್ತಕ ನೋಡಿ ಜೋಡಿಸೋದೂ ಅಲ್ಲ. ನಾನೇ ಯೋಚಿಸಿ ನಾನೇ ಕಟ್ಟಬೇಕು. ನಮ್ಮ ಹೋಂಸ್ಟೇ ಹಾಲ್‌ನಲ್ಲಿ, ಬಾಗಿಲು ದಾಟಿದ ಕೂಡಲೇ ಕಾಣುವ ಕಡೆ ಇಡೋ ಆಸೆ.

ಮಕ್ಕಳು ಆಡಿ ಬಿಟ್ಟ ಬ್ರಿಕ್ ಎರಡು ಬಕೆಟ್ ಇದೆ. ಕಪ್ಪು ಸುಮಾರಾಗಿದೆ, ಬಿಳಿ ಇದೆ, ಹಳದಿ ಕಮ್ಮಿ. ಕೆಂಪು, ನೀಲಿ ಬೇಡ ಅನ್ನುವಷ್ಟಿದೆ.

ಗೊತ್ತಾಗದೆ ಇರೋದು ಇಷ್ಟು. ಎಷ್ಟು ದೊಡ್ಡದು ಮಾಡಬೇಕು? ಆ ಕೊಕ್ಕು ಮುಂದಕ್ಕೆ ಅಷ್ಟುದ್ದ ಚಾಚಿಕೊಂಡಿದ್ದರೆ ಹಕ್ಕಿ ಮುಗ್ಗರಿಸುವುದಿಲ್ಲವಾ? ಚೌಕದ ತುಂಡುಗಳಿಂದ ಗುಂಡಗಿನ ಮೈ ಬರುತ್ತದಾ? ಬರುವ ಮಕ್ಕಳೆಲ್ಲ ಮುಟ್ಟುತ್ತಾರೆ, ಹಾಗಾಗಿ ಗಮ್ ಹಾಕಬೇಕಾ?

ಬೆಟ್ಟದತುದಿ (ಸೋಮವಾರಪೇಟೆ)

ಆನೆ ಮಾಡಿ ಅಕ್ಕ. ಮಡಿಕೇರಿ ಕೋಟೆಯಲ್ಲಿ ಗಾರೆಯ ಆನೆಗಳು ನಿಂತಿವೆಯಲ್ಲ, ಹಾಗೆ. ನಾಲ್ಕು ಕಾಲು, ಬೀಳೋ ಮಾತೇ ಇಲ್ಲ. ಬೂದು ಬ್ರಿಕ್ ತಂದರೆ ಮುಗಿಯಿತು.

ಕಾಡುಮಲ್ಲಿಗೆ

ಆನೆ ದಿನಾ ತೋಟಕ್ಕೆ ಬಂದು ಪೈಪ್ ಮುರಿದು ಹೋಗುತ್ತದೆ. ಹಾಲ್ ಒಳಗೂ ಅದೇ ಬೇಕಾ? 😄

ಎಂಟು_ಮಿಲಿಮೀಟರ್ (ಕುಶಾಲನಗರ)

ಅಕ್ಕ, ನಿಮ್ಮ ಮೊದಲ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಉಳಿದವು ಅರ್ಧ ಬಗೆಹರಿಯುತ್ತವೆ.

ಹೆಚ್ಚಿನವರು ಗಾತ್ರವನ್ನು ಜಾಗ ನೋಡಿ ತೀರ್ಮಾನ ಮಾಡುತ್ತಾರೆ. ಶೋಕೇಸ್ ಎರಡಡಿ ಇದೆ, ಹಕ್ಕಿಯೂ ಎರಡಡಿ ಇರಲಿ ಅಂತ. ಇದು ಉಲ್ಟಾ. ಹಕ್ಕಿಯಲ್ಲಿ ಬಿಡಲಿಕ್ಕೇ ಆಗದ, ಎಲ್ಲಕ್ಕಿಂತ ಚಿಕ್ಕ ಭಾಗ ಯಾವುದು ಅಂತ ಮೊದಲು ನೋಡಿ. ಮಂಗಟ್ಟೆಯಲ್ಲಿ ಅದು ಕಣ್ಣು. ಕಣ್ಣಿಗೆ ಸುಲಭವಾಗಿ ಸಿಗುವ ತುಂಡು 1×1 ದುಂಡು ಪ್ಲೇಟ್ (ಮೇಲೆ ಒಂದೇ ಸ್ಟಡ್, ಅಂದರೆ ಉಬ್ಬು, ಇರುವ ತೆಳು ತುಂಡು). ಅದರ ಅಗಲ 8 ಮಿ.ಮೀ. ಅಲ್ಲಿಂದ ಲೆಕ್ಕ ಶುರು ಮಾಡಿ.

ಪಕ್ಕದಿಂದ ತೆಗೆದ ಒಳ್ಳೆ ಫೋಟೊ ಒಂದನ್ನು ಪ್ರಿಂಟ್ ತೆಗೆಸಿ, ಸ್ಕೇಲ್ ಇಟ್ಟು ಅಳೆಯಿರಿ. ನನ್ನ ಹತ್ತಿರ ಇರುವ ಫೋಟೊದಲ್ಲಿ ಕೊಕ್ಕಿನ ಉದ್ದ ಕಣ್ಣಿನ ಅಗಲದ ಸುಮಾರು 12 ಪಟ್ಟು ಬಂತು. ಇಡೀ ಹಕ್ಕಿ ಕೊಕ್ಕಿನ ಸುಮಾರು 4 ಪಟ್ಟು. ಕಣ್ಣು 1 ಸ್ಟಡ್ ಆದರೆ ಕೊಕ್ಕು 12 ಸ್ಟಡ್, ಹಕ್ಕಿ 48 ಸ್ಟಡ್. ಒಂದು ಸ್ಟಡ್‌ಗೆ 8 ಮಿ.ಮೀ. ಹಿಡಿದರೆ 384 ಮಿ.ಮೀ., ಹೆಚ್ಚುಕಮ್ಮಿ ಒಂದೂಕಾಲು ಅಡಿ. ಇದಕ್ಕಿಂತ ಚಿಕ್ಕದು ಮಾಡಿದರೆ ಕಣ್ಣು ಮುಖಕ್ಕಿಂತ ದೊಡ್ಡದಾಗಿ ಗೊಂಬೆ ಥರ ಕಾಣುತ್ತದೆ. ದೊಡ್ಡದು ಮಾಡಬಹುದು, ಆದರೆ ಅಳತೆ ಎರಡರಷ್ಟಾದರೆ ಗಟ್ಟಿ ಮೈಗೆ ಬ್ರಿಕ್ ಎಂಟರಷ್ಟು ಬೇಕು. ಅದನ್ನು ಮರೆಯಬೇಡಿ.

ಇನ್ನೊಂದು, ಗ್ರಾಫ್ ಹಾಳೆಯ ವಿಷಯ. ಬ್ರಿಕ್ ಚೌಕ ಅಲ್ಲ. 1×1 ಬ್ರಿಕ್‌ನ ಅಗಲ 8 ಮಿ.ಮೀ., ಸ್ಟಡ್ ಬಿಟ್ಟು ಎತ್ತರ 9.6 ಮಿ.ಮೀ. ಅಂದರೆ 5ಕ್ಕೆ 6. ಸಾಮಾನ್ಯ ಗ್ರಾಫ್ ಮೇಲೆ ಚಿತ್ರ ಬರೆದು ಒಂದು ಚೌಕಕ್ಕೆ ಒಂದು ಬ್ರಿಕ್ ಅಂತ ಕಟ್ಟುತ್ತಾ ಹೋದರೆ ಹಕ್ಕಿ 20% ಎತ್ತರ ಆಗಿ ನಿಲ್ಲುತ್ತದೆ. ಮಂಗಟ್ಟೆ ಮಾಡಲು ಹೋಗಿ ಕೊಕ್ಕರೆ ಆಗುತ್ತದೆ. 5×6 ಅಳತೆಯ ಖಾನೆಗಳ ಹಾಳೆ ಪ್ರಿಂಟ್ ಮಾಡಿಕೊಳ್ಳಿ. ಇನ್ನೂ ನಯವಾಗಿ ಬೇಕು ಅಂದರೆ ಪ್ಲೇಟ್ ಲೆಕ್ಕದಲ್ಲಿ ಬರೆಯಿರಿ. ಪ್ಲೇಟ್ 3.2 ಮಿ.ಮೀ. ದಪ್ಪ, ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್.

ಹಕ್ಕಿಕಣ್ಣು (ಶ್ರೀಮಂಗಲ)

ಹಕ್ಕಿ ಕಡೆಯಿಂದ ನನ್ನದೂ ಒಂದಿಷ್ಟು. ಮೊದಲು ಯಾವ ಮಂಗಟ್ಟೆ ಅಂತ ಗಟ್ಟಿ ಮಾಡಿಕೊಳ್ಳಿ. ಕಾಫಿ ತೋಟದಲ್ಲಿ ಜಾಸ್ತಿ ಕಾಣೋದು ಬೂದು ಬಣ್ಣದ ಚಿಕ್ಕ ಮಂಗಟ್ಟೆ. ಅದರ ಕೊಕ್ಕಿನ ಮೇಲೆ ಟೊಪ್ಪಿ ಇರೋದಿಲ್ಲ. ನಗುವ ಹಾಗೆ ಕೂಗುತ್ತದಲ್ಲ, ಅದು. ನೀವು ಹೇಳುತ್ತಿರೋದು ದೊಡ್ಡ ಮಂಗಟ್ಟೆ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಕಡೆ ಕಾಡಿನಲ್ಲಿರೋದು. ಉದ್ದ ಒಂದು ಮೀಟರ್ ಆಸುಪಾಸು.

ದೂರದಿಂದ ನೋಡಿದವರಿಗೆ ಇದೇ ಹಕ್ಕಿ ಅಂತ ಗೊತ್ತಾಗಬೇಕಾದರೆ ಕೊಕ್ಕು ಮತ್ತು ಅದರ ಮೇಲಿನ ಹಳದಿ ಟೊಪ್ಪಿ ಸರಿಯಾಗಿ ಬರಬೇಕು. ಮುಖ ಕಪ್ಪು. ಕುತ್ತಿಗೆ ಬಿಳಿ, ಆದರೆ ಹಾಲಿನ ಬಿಳಿ ಅಲ್ಲ. ರೆಕ್ಕೆ ಕಪ್ಪು, ಅದರ ಮೇಲೆ ಬಿಳಿ ಪಟ್ಟಿ. ಬಾಲ ಬಿಳಿ, ಅಡ್ಡಕ್ಕೆ ಒಂದೇ ಕಪ್ಪು ಪಟ್ಟಿ. ಇಷ್ಟು ಬಂದರೆ ಸಾಕು. ಗರಿ ಗರಿ ಬಿಡಿಸಲು ಹೋಗಬೇಡಿ.

ಕಾಲು ಮಾಡೋ ಗೋಜಿಗೂ ಹೋಗಬೇಡಿ. ಕೊಂಬೆ ಮೇಲೆ ಕೂತಾಗ ಅದರ ಕಾಲು ಕಾಣೋದೇ ಕಮ್ಮಿ.

ಎಂಟು_ಮಿಲಿಮೀಟರ್

ಕಾಲು ಬೇಡ ಅನ್ನೋದು ಬಂಗಾರದ ಮಾತು. ಹೊಟ್ಟೆಯನ್ನೇ ನೇರವಾಗಿ ಕೊಂಬೆಗೆ ಕೂರಿಸಬಹುದು. ಎರಡು ಕಡ್ಡಿ ಕಾಲಿನ ಮೇಲೆ ಇಡೀ ಭಾರ ನಿಲ್ಲಿಸುವ ತಲೆನೋವೇ ಹೋಯಿತು.

ಮಂಟಪದ_ಹಿಂದೆ (ಮಡಿಕೇರಿ)

ನನಗೆ ಲೆಗೊ ಗೊತ್ತಿಲ್ಲ. ದಸರಾ ಮಂಟಪದ ಕೆಲಸ ಗೊತ್ತು. ಹತ್ತು ದೇವಸ್ಥಾನಗಳ ಹತ್ತು ಮಂಟಪ, ಅಂದರೆ ಟ್ರ್ಯಾಕ್ಟರ್ ಮೇಲೆ ಕಟ್ಟಿದ ಅಲ್ಲಾಡುವ ಗೊಂಬೆಗಳು, ರಾತ್ರಿಯಿಡೀ ಊರಲ್ಲಿ ಓಡಾಡುತ್ತವೆ. ರಾಕ್ಷಸ ತಲೆ ಅಲ್ಲಾಡಿಸಬೇಕು, ಕೈ ಎತ್ತಬೇಕು, ಟ್ರ್ಯಾಕ್ಟರ್ ಗುಂಡಿಗೆ ಇಳಿದರೂ ಬೀಳಬಾರದು. ಜನ ಮುಂದಿನಿಂದ ಮುಖ ನೋಡುತ್ತಾರೆ. ನಾವು ಹಿಂದಿನಿಂದ ಕಬ್ಬಿಣ ನೋಡುತ್ತೇವೆ.

ನಮ್ಮಲ್ಲಿ ಮೊದಲು ವೆಲ್ಡಿಂಗ್ ಆಗಬೇಕು. ಅಸ್ಥಿಪಂಜರ ನಿಂತು, ಅಲ್ಲಾಡಿಸಿ ನೋಡಿ, ಆಮೇಲೆಯೇ ಮೈಗೆ ಕೈ ಹಾಕೋದು. ನಿಮ್ಮ ಹಕ್ಕಿಗೂ ಒಳಗೆ ಏನೋ ಒಂದು ಬೇಕಲ್ವಾ? ಕೊಕ್ಕು ಬೀಳುತ್ತದಾ ಅಂತ ಕೇಳಿದ್ದೀರಿ. ಕೊಕ್ಕನ್ನು ಮುಖಕ್ಕೆ ಅಂಟಿಸಿದರೆ ಬೀಳುತ್ತದೆ. ಅದು ಬೆನ್ನಿನಿಂದ ಬರಬೇಕು.

ಎಂಟು_ಮಿಲಿಮೀಟರ್

ಅಣ್ಣ, ಲೆಗೊ ಗೊತ್ತಿಲ್ಲ ಅಂದರಲ್ಲ, ನಂಬಲ್ಲ ನಾನು. ಅದೇ ಸರಿಯಾದ ದಾರಿ.

ಬ್ರಿಕ್‌ನಲ್ಲಿ ಆ ವೆಲ್ಡಿಂಗ್ ಕೆಲಸ ಮಾಡೋದು ಟೆಕ್ನಿಕ್ ಬ್ರಿಕ್. ಪಕ್ಕದಲ್ಲಿ ರಂಧ್ರ ಇರುತ್ತದೆ, ಅದರಲ್ಲಿ ಪಿನ್ ಕೂರುತ್ತದೆ. ಒಂದು ಗುಟ್ಟು ಹೇಳುತ್ತೇನೆ. ಒಂದು ಟೆಕ್ನಿಕ್ ಬ್ರಿಕ್, ಮೇಲೆ ಎರಡು ಪ್ಲೇಟ್, ಮತ್ತೆ ಟೆಕ್ನಿಕ್ ಬ್ರಿಕ್. ಹೀಗೆ ಇಟ್ಟರೆ ಕೆಳಗಿನ ರಂಧ್ರದಿಂದ ಮೇಲಿನ ರಂಧ್ರಕ್ಕೆ 9.6 ಮತ್ತು 6.4, ಒಟ್ಟು 16 ಮಿ.ಮೀ. ಸರಿಯಾಗಿ ಎರಡು ಸ್ಟಡ್ ದೂರ. ಈಗ ಒಂದು ಬೀಮ್ (ಉದ್ದಕ್ಕೂ ರಂಧ್ರ ಇರುವ ಪಟ್ಟಿ) ಅನ್ನು ನೆಟ್ಟಗೆ ನಿಲ್ಲಿಸಿ ಎರಡೂ ರಂಧ್ರಕ್ಕೆ ಪಿನ್ ಹೊಡೆದರೆ ಮೇಲಿನದು ಕಿತ್ತು ಬರುವ ಹಾಗಿಲ್ಲ. ಪ್ಲೇಟ್ ಒಂದೇ ಇಟ್ಟರೆ ರಂಧ್ರ ಕೂರೋದಿಲ್ಲ. ಮೂರು ಇಟ್ಟರೂ ಇಲ್ಲ.

ಕೊಕ್ಕಿಗೆ 1×16 ಟೆಕ್ನಿಕ್ ಬ್ರಿಕ್ ಎರಡು ಸಾಕು. ಅರ್ಧ ಕೊಕ್ಕಿನ ಒಳಗೆ, ಇನ್ನರ್ಧ ತಲೆ ಮತ್ತು ಕುತ್ತಿಗೆ ಒಳಗೆ. ಕೊಕ್ಕಿನ ಕೊನೆಯ ನಾಲ್ಕು ಸ್ಟಡ್‌ಗೆ ಬೆನ್ನೆಲುಬು ಬೇಡ, ಅಲ್ಲಿ ಬರೀ ಪ್ಲೇಟ್ ಮತ್ತು ಬಾಗಿದ ಸ್ಲೋಪ್ (ಇಳಿಜಾರಿನ ತುಂಡು). ಟೊಪ್ಪಿ ಒಳಗೆ ಟೊಳ್ಳು ಬಿಡಿ. ಭಾರ ಎಲ್ಲಿದೆ ಅಂತ ನೋಡಲು ಆಗಾಗ ಹಕ್ಕಿಯನ್ನು ಕೊಂಬೆ ಕೂರುವ ಜಾಗದಲ್ಲಿ ಎರಡು ಬೆರಳ ಮೇಲೆ ಎತ್ತಿ ನೋಡಿ. ಮುಂದಕ್ಕೆ ವಾಲಿದರೆ ಹೊಟ್ಟೆಯ ಹಿಂಭಾಗ ಮತ್ತು ಬಾಲದ ಬುಡ ಗಟ್ಟಿ ತುಂಬಿ.

ಭಾರದ ಅಂದಾಜು ಬೇಕಾ? 2×4 ಬ್ರಿಕ್ ಸುಮಾರು 2.3 ಗ್ರಾಂ. ಒಂದು ಲೀಟರ್ ಜಾಗವನ್ನು ಗಟ್ಟಿಯಾಗಿ ತುಂಬಲು ಅಂಥವು 200ರ ಹತ್ತಿರ ಬೇಕು, ತೂಕ ಅರ್ಧ ಕಿಲೋ ಹತ್ತಿರ. ನಿಮ್ಮ ಹಕ್ಕಿಯ ಮೈ ಹೆಚ್ಚು ಅಂದರೆ ಒಂದೆರಡು ಲೀಟರ್. ಕೊಂಬೆ ಮುರಿಯುವಂಥ ಭಾರ ಏನಿಲ್ಲ.

ಗಾರೆಕೈ (ವಿರಾಜಪೇಟೆ)

ಮನೆ ಕಟ್ಟೋ ನನಗೂ ಒಂದು ಹೇಳಲಿಕ್ಕಿದೆ. ಇಟ್ಟಿಗೆ ಗೋಡೆಯಲ್ಲಿ ಒಂದು ವರಸೆಯ ಸಂದು ಮೇಲಿನ ವರಸೆಯ ಸಂದಿಗೆ ನೇರ ಬರಬಾರದು. ಬಂದರೆ ಅಲ್ಲೇ ಸೀಳು. ನಮ್ಮ ಮಗ ಇದರಲ್ಲಿ ಗೋಪುರ ಕಟ್ಟುತ್ತಾನೆ, ಎಲ್ಲಾ ಸಂದು ಒಂದೇ ಗೆರೆಯಲ್ಲಿ. ಬೆರಳು ತಾಗಿದರೆ ಎರಡು ಹೋಳು. ಬೈದೂ ಬೈದೂ ಸಾಕಾಯಿತು.

ಎಂಟು_ಮಿಲಿಮೀಟರ್

ನೂರಕ್ಕೆ ನೂರು ಸರಿ. ಸಿಮೆಂಟೇ ಇಲ್ಲದ ಗೋಡೆ ಆದ್ದರಿಂದ ಇಲ್ಲಿ ಅದು ಇನ್ನೂ ಮುಖ್ಯ.

ಕಾಡುಮಲ್ಲಿಗೆ

ಎಲ್ಲ ಬರೆದುಕೊಂಡೆ. ಗುಂಡಗಿನ ಮೈ ವಿಷಯ ಯಾರೂ ಹೇಳಲಿಲ್ಲ. ಮೆಟ್ಟಿಲು ಮೆಟ್ಟಿಲು ಕಾಣೋದು ನನಗೆ ಇಷ್ಟ ಇಲ್ಲ.

ಎಂಟು_ಮಿಲಿಮೀಟರ್

ಮೆಟ್ಟಿಲು ಇರಲಿ ಅನ್ನೋದು ನನ್ನ ಅಭಿಪ್ರಾಯ. ಬ್ರಿಕ್ ಅಂತ ಗೊತ್ತಾಗಬೇಕು. ಪೂರ್ತಿ ನಯ ಬೇಕಿದ್ದರೆ ಜೇಡಿಮಣ್ಣಿನಲ್ಲೇ ಮಾಡಬಹುದಿತ್ತಲ್ಲ? ಆದರೆ ಎಲ್ಲಾ ಕಡೆ ಮೆಟ್ಟಿಲು ಚೆನ್ನಾಗಿರೋದಿಲ್ಲ, ಒಪ್ಪುತ್ತೇನೆ. ಎದೆ ಮತ್ತು ಟೊಪ್ಪಿ ನಯವಾಗಿರಲಿ, ರೆಕ್ಕೆ ಮತ್ತು ಬೆನ್ನಲ್ಲಿ ಮೆಟ್ಟಿಲು ಇರಲಿ. ಗರಿಯ ಪದರದ ಹಾಗೆ ಕಾಣುತ್ತದೆ.

ಎದೆಗೆ ಸ್ಟಡ್ ಪಕ್ಕಕ್ಕೆ ತಿರುಗಿಸುವ ಉಪಾಯ ಇದೆ. ಪಕ್ಕದಲ್ಲಿ ಸ್ಟಡ್ ಇರುವ ಬ್ರಿಕ್ ಸಿಗುತ್ತದೆ, 1×1 ಅಳತೆಯಲ್ಲಿ ನಾಲ್ಕೂ ಕಡೆ ಸ್ಟಡ್ ಇರುವುದೂ ಇದೆ. ಅವನ್ನು ಒಳಗಿನ ತಿರುಳಿಗೆ ಹಾಕಿ, ಹೊರಗಿನ ಬಾಗಿದ ಸ್ಲೋಪ್‌ಗಳನ್ನು ಮುಂದೆ ಮುಖ ಮಾಡಿ ಆ ಸ್ಟಡ್‌ಗಳಿಗೆ ಕೂರಿಸೋದು. ಇದಕ್ಕೆ ಒಂದೇ ಲೆಕ್ಕ ನೆನಪಿಡಿ. ಐದು ಪ್ಲೇಟ್ ದಪ್ಪ 16 ಮಿ.ಮೀ., ಎರಡು ಸ್ಟಡ್ ಅಗಲವೂ 16 ಮಿ.ಮೀ. ಅಡ್ಡ ತಿರುಗಿಸಿದ ತುಂಡು ನೆಟ್ಟಗಿನ ತುಂಡಿನ ಪಕ್ಕ ಸಂದಿಲ್ಲದೆ ಕೂರೋದು ಈ ಲೆಕ್ಕದಿಂದಲೇ. ತಿರುಳು ಆರು ಸ್ಟಡ್ ಅಗಲ ಇದ್ದರೆ ಎತ್ತರ ಐದು ಬ್ರಿಕ್ ಇರಲಿ. ಎರಡೂ 48 ಮಿ.ಮೀ., ಆರೂ ಕಡೆ ಒಂದೇ ಅಳತೆಯ ಹೊದಿಕೆ ಹಾಕಬಹುದು. ಲೊವೆಲ್ ಗೋಳ ಅಂತ ಹುಡುಕಿ ನೋಡಿ. ಚೌಕದ ತುಂಡಿನಿಂದ ಚೆಂಡು ಹೇಗೆ ಮಾಡುತ್ತಾರೆ ಅಂತ ತಿಳಿಯುತ್ತದೆ. ಅದನ್ನು ಸ್ವಲ್ಪ ಎಳೆದರೆ ಹಕ್ಕಿಯ ಎದೆ.

ಕಟ್ಟೋ ಮೊದಲು ಕಂಪ್ಯೂಟರ್‌ನಲ್ಲಿ ಕಟ್ಟಿ ನೋಡಬೇಕು ಅಂದರೆ ಬ್ರಿಕ್‌ಲಿಂಕ್‌ನವರ (ಬ್ರಿಕ್ ಮಾರಾಟದ ಜಾಲತಾಣ) ಸ್ಟುಡಿಯೊ ಅನ್ನುವ ತಂತ್ರಾಂಶ ಇದೆ, ದುಡ್ಡು ಕೊಡಬೇಕಿಲ್ಲ. ಯಾವ ತುಂಡು ಎಷ್ಟು ಬೇಕು ಅಂತ ಪಟ್ಟಿಯೂ ಕೊಡುತ್ತದೆ.

ಬೆಟ್ಟದತುದಿ

ಕಂಪ್ಯೂಟರ್‌ನಲ್ಲಿ ಭಾರ ಗೊತ್ತಾಗೋದಿಲ್ಲ, ಬಿಗಿ ಗೊತ್ತಾಗೋದಿಲ್ಲ. ಗಾಳಿಯಲ್ಲಿ ನಿಂತಿರುವ ಕೊಕ್ಕನ್ನೂ ಚೆಂದ ತೋರಿಸುತ್ತದೆ. ಕೈಯಲ್ಲೇ ಕಟ್ಟಿ ಅಕ್ಕ. ಜೂನ್‌ನಿಂದ ಮಳೆ, ಕರೆಂಟೂ ಇರಲ್ಲ, ಬೇರೆ ಏನು ಕೆಲಸ?

ಎಂಟು_ಮಿಲಿಮೀಟರ್

ತಲೆಗೆ ಕಂಪ್ಯೂಟರ್, ಮೈಗೆ ಕೈ. ತಲೆಯಲ್ಲಿ ಪ್ರತಿ ತುಂಡೂ ಲೆಕ್ಕಕ್ಕೆ ಬರುತ್ತದೆ. ಮೈಯನ್ನು ಕೈಗೆ ಸಿಕ್ಕ ಹಾಗೆ ತುಂಬಬಹುದು.

ಕಾಡುಮಲ್ಲಿಗೆ

ಹಳದಿ ಬ್ರಿಕ್ ಹೊರದೇಶದಿಂದ ತರಿಸೋಣ ಅಂತ ನೋಡಿದೆ. ತುಂಡಿನ ಬೆಲೆಗಿಂತ ಉಳಿದ ಖರ್ಚೇ ಜಾಸ್ತಿ.

ಎಂಟು_ಮಿಲಿಮೀಟರ್

ಆಟಿಕೆ ಮೇಲಿನ ಆಮದು ಸುಂಕ 2020ರಲ್ಲಿ 20%ನಿಂದ 60%ಗೆ ಏರಿತು. 2023ರಲ್ಲಿ 70% ಆಯಿತು. ಮೇಲೆ ಸಾಗಣೆ ಬೇರೆ. ಹಾಗಾಗಿ ಬಕೆಟ್‌ನಲ್ಲಿ ಇರೋದನ್ನು ಮೊದಲು ಲೆಕ್ಕ ಹಾಕಿ. ನಿಮಗೆ ಹೊರಗೆ ಕಾಣುವ ಹಳದಿ ಮಾತ್ರ ಬೇಕು. ಕೊಕ್ಕಿನ ಒಳಗೆ ಕೆಂಪು ಇದ್ದರೆ ಯಾರಿಗೆ ಗೊತ್ತು? ಬೇಡ ಅಂದಿರಲ್ಲ ಆ ಕೆಂಪು, ನೀಲಿ, ಅವೆಲ್ಲ ಹೊಟ್ಟೆ ಒಳಗೆ ಹೋಗಲಿ.

ಬೆಟ್ಟದತುದಿ

ಸಂತೆಯಲ್ಲಿ ಸಿಗುವ ಬೇರೆ ಕಂಪನಿ ಬ್ರಿಕ್ ಹಾಕಿದರೆ? ಅಳತೆ ಒಂದೇ ಅಲ್ವಾ. ಲೆಗೊ ಬ್ರಿಕ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ, ಆ ಪೇಟೆಂಟ್ ಮುಗಿದು ಬಹಳ ಕಾಲವಾಯಿತು. ಈಗ ಯಾರು ಬೇಕಾದರೂ ಮಾಡುತ್ತಾರೆ.

ಎಂಟು_ಮಿಲಿಮೀಟರ್

ಹೊಟ್ಟೆಗೆ ಹಾಕಿ, ಬೆನ್ನೆಲುಬಿಗೆ ಬೇಡ. ಕೆಲವು ಸಡಿಲ, ಕೆಲವು ವಿಪರೀತ ಬಿಗಿ. ಬಿಗಿ ಇರೋದೂ ಅಪಾಯವೇ. ಒಂದೊಂದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಉದ್ದ ಸಾಲಿನಲ್ಲಿ ಅದು ಕೂಡಿಕೊಂಡು ಬಂದು ಮೈ ಬಾಗುತ್ತದೆ.

ಕಾಫಿಬೊಡ್ಡೆ (ಅಮ್ಮತ್ತಿ)

ಗಮ್ ಬಗ್ಗೆ ಹೇಳಿ ಯಾರಾದರೂ. ನನ್ನ ಪ್ರಕಾರ ಹಾಕಲೇಬೇಕು. ಅಮೆರಿಕದ ನೇಥನ್ ಸವಾಯ ಗೊತ್ತಲ್ಲ, ಮೊದಲು ವಕೀಲರಾಗಿದ್ದವರು. 2007ರಿಂದ ಬ್ರಿಕ್ ಶಿಲ್ಪಗಳ ಪ್ರದರ್ಶನ ಮಾಡುತ್ತಿದ್ದಾರೆ. ಅವರ ಡೈನೋಸಾರ್ ಅಸ್ಥಿಪಂಜರದಲ್ಲಿ 80,020 ತುಂಡು ಇದೆ. ಅವರು ಒಂದೊಂದು ಬ್ರಿಕ್‌ಗೂ ಗಮ್ ಹಾಕುತ್ತಾರೆ. ಅಂಥವರೇ ಹಾಕುವಾಗ ನಮ್ಮದೇನು?

ಎಂಟು_ಮಿಲಿಮೀಟರ್

ಅವರ ಶಿಲ್ಪ ಲಾರಿ, ಹಡಗು ಹತ್ತಿ ದೇಶ ದೇಶ ತಿರುಗುತ್ತದೆ. ಅಕ್ಕನ ಹಕ್ಕಿ ಹಾಲ್‌ನಲ್ಲಿ ಕೂತಿರುತ್ತದೆ. ಬ್ರಿಕ್ ಮಾಡೋದು ಎಬಿಎಸ್ ಅನ್ನುವ ಪ್ಲಾಸ್ಟಿಕ್‌ನಲ್ಲಿ. ಅದಕ್ಕೆ ಹಿಡಿಯುವ ಗಮ್ ಬ್ರಿಕ್ ಮೈಯನ್ನೇ ಕರಗಿಸಿ ಒಂದು ಮಾಡುತ್ತದೆ. ಆಮೇಲೆ ಬಿಡಿಸುವ ಹಾಗಿಲ್ಲ. ತಪ್ಪಿ ಹೊರಗೆ ತಾಗಿದರೆ ಹೊಳಪು ಹೋಗಿ ಕಲೆ. ಆ ವಾಸನೆಯನ್ನು ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಳೆದುಕೊಳ್ಳಲೂಬಾರದು.

ಕಾಫಿಬೊಡ್ಡೆ

ಹಾಗಾದರೆ ಮಕ್ಕಳು ಟೊಪ್ಪಿ ಕಿತ್ತುಕೊಂಡು ಹೋಗಲಿ ಅಂತೀರಾ?

ಮಂಟಪದ_ಹಿಂದೆ

ಮಕ್ಕಳಿಗೆ ಮುಟ್ಟಬೇಡಿ ಅಂದರೆ ಮುಟ್ಟುತ್ತಾರೆ. ಪಕ್ಕದಲ್ಲಿ ಒಂದು ಪುಟ್ಟ ಹಕ್ಕಿ ಇಡಿ, ಹತ್ತು ಹದಿನೈದು ತುಂಡಿನದು, ಬಿಚ್ಚಿ ಕಟ್ಟಲಿಕ್ಕೆ ಅಂತಲೇ. ದೊಡ್ಡದರ ಹತ್ತಿರ ಯಾರೂ ಹೋಗಲ್ಲ.

ಕಾಡುಮಲ್ಲಿಗೆ

ಇದು ಚೆನ್ನಾಗಿದೆ! ಗಮ್ ಹಾಕೋದಿಲ್ಲ, ಪುಟ್ಟ ಹಕ್ಕಿ ಮಾಡುತ್ತೇನೆ. ಇನ್ನೊಂದು ಭಯ, ಬೂಷ್ಟು. ನಮ್ಮಲ್ಲಿ ಜುಲೈ ಬಂದರೆ ಚಪ್ಪಲಿ, ಬೆಲ್ಟ್, ಪುಸ್ತಕ ಯಾವುದನ್ನೂ ಬಿಡೋದಿಲ್ಲ.

ಎಂಟು_ಮಿಲಿಮೀಟರ್

ಪ್ಲಾಸ್ಟಿಕ್ ಅನ್ನು ಬೂಷ್ಟು ತಿನ್ನೋದಿಲ್ಲ. ಮೇಲಿನ ಧೂಳು ಮತ್ತು ಕೈ ಜಿಡ್ಡಿನ ಮೇಲೆ ಬೆಳೆಯುತ್ತದೆ. ಹಳೇ ಬ್ರಿಕ್‌ಗಳನ್ನು ಕಟ್ಟುವ ಮೊದಲು ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪಿನಲ್ಲಿ ತೊಳೆಯಿರಿ. ನೀರು 40 ಡಿಗ್ರಿ ದಾಟದಿರಲಿ. ಒಲೆ ಮೇಲೆ ಬಟ್ಟೆ ಒಣಗಿಸುವ ಹಾಗೆ ಒಣಗಿಸಲು ಮಾತ್ರ ಹೋಗಬೇಡಿ, ಆಕಾರ ಕೆಡುತ್ತದೆ. ಬಟ್ಟೆ ಮೇಲೆ ಹರಡಿ, ಫ್ಯಾನ್ ಹಾಕಿ. ಒಳಗೆ ನೀರು ಉಳಿಯದಿರಲಿ. ಕಟ್ಟಿದ ಮೇಲೆ ಪೇಂಟ್ ಬ್ರಷ್‌ನಲ್ಲಿ ಧೂಳು ತೆಗೆದರೆ ಸಾಕು.

ನೇರ ಬಿಸಿಲು ಬೀಳುವ ಕಡೆ ಇಡಬೇಡಿ. ಬಿಳಿ ಬ್ರಿಕ್ ವರ್ಷ ಹೋದ ಹಾಗೆ ಹಳದಿ ತಿರುಗುತ್ತದೆ.

ಹಕ್ಕಿಕಣ್ಣು

ಮಂಗಟ್ಟೆಗಾದರೆ ಅದೂ ನಡೆಯುತ್ತದೆ! ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಹಳದಿ ಎಣ್ಣೆ ಬರುತ್ತದೆ. ಹಕ್ಕಿ ಅದನ್ನು ಕೊಕ್ಕಿನಿಂದ ಸವರಿಕೊಳ್ಳುತ್ತದೆ. ಕುತ್ತಿಗೆಯ, ರೆಕ್ಕೆಯ ಬಿಳಿ ಹಳದಿಯಾಗೋದು ಅದರಿಂದ. ಟೊಪ್ಪಿಗೆ ಹೊಳೆಯುವ ಬಣ್ಣ ಬರೋದೂ ಹಾಗೇ. ಬಕೆಟ್‌ನಲ್ಲಿ ಹಳದಿ ತಿರುಗಿದ ಹಳೇ ಬಿಳಿ ಬ್ರಿಕ್ ಇದ್ದರೆ ಬಿಸಾಡಬೇಡಿ, ಕುತ್ತಿಗೆಗೆ ಹಾಕಿ. ಹೊಸ ಬಿಳಿ ಬಾಲಕ್ಕೆ.

ಕಾಡುಮಲ್ಲಿಗೆ

ಒಂದು ವರದಿ. ಬೆನ್ನೆಲುಬು ನಿಂತಿತು. ತಲೆ, ಕೊಕ್ಕು ಆಗಿದೆ, ಎದೆ ಅರ್ಧ ಆಗಿದೆ. ಕೊಕ್ಕಿನ ತುದಿ ಹಿಡಿದು ಮೆಲ್ಲಗೆ ಒತ್ತಿದರೆ ಇಡೀ ಹಕ್ಕಿ ತೂಗುತ್ತದೆ, ಕೊಕ್ಕು ಮಾತ್ರ ಅಲ್ಲಾಡೋದಿಲ್ಲ. ಮಂಟಪದ ಅಣ್ಣನಿಗೆ ದೊಡ್ಡ ಥ್ಯಾಂಕ್ಸ್. ಕುತ್ತಿಗೆಗೆ ಹಳೇ ಬಿಳಿ ಹಾಕಿದೆ, ಹೊಸ ಬಿಳಿಗಿಂತ ಎಷ್ಟೋ ಚೆಂದ.

ಕೊಂಬೆಯನ್ನು ಬ್ರಿಕ್‌ನಲ್ಲಿ ಮಾಡಲು ಕಂದು ಬಣ್ಣ ಸಾಲದು. ತೋಟದಲ್ಲಿ ಕಿತ್ತು ಹಾಕಿದ ಹಳೇ ರೊಬಸ್ಟಾ ಬೊಡ್ಡೆ ಇದೆ, ಒಳ್ಳೆ ಕವಲು. ಅದರ ಮೇಲೇ ಕೂರಿಸಬಹುದಾ?

ಬೆಟ್ಟದತುದಿ

ಎಲ್ಲಾ ಬ್ರಿಕ್ ಇದ್ದರೇ ಬ್ರಿಕ್ ಶಿಲ್ಪ. ಮರ ಸೇರಿಸಿದರೆ ಅದು ಷೋಪೀಸ್.

ಕಾಫಿಬೊಡ್ಡೆ

ನನ್ನ ಹೆಸರೇ ನೋಡಿ, ನಾನು ಯಾರ ಕಡೆ ಅಂತ ಹೇಳಬೇಕಾ? ಕಾಫಿ ಬೊಡ್ಡೆಗೆ ಗಾಜು ಹಾಕಿ ಟೀಪಾಯಿ ಮಾಡಿ ಮಾರುವ ಊರು ನಮ್ಮದು. ಹಕ್ಕಿ ಕೂರಲಿ ಬಿಡಿ. ತೊಗಟೆ ಪೂರ್ತಿ ತೆಗೆದು ಚೆನ್ನಾಗಿ ಒಣಗಿಸಿ, ಇಲ್ಲದಿದ್ದರೆ ಒಳಗಿನಿಂದ ಹುಳ ಹಿಟ್ಟು ಉದುರಿಸುತ್ತದೆ. ಪಾಲಿಶ್ ಪೂರ್ತಿ ಒಣಗಿದ ಮೇಲೆಯೇ ಹಕ್ಕಿ ಇಡಿ.

ಎಂಟು_ಮಿಲಿಮೀಟರ್

ನಾನೂ ಬೊಡ್ಡೆ ಕಡೆಗೇ. ಬ್ರಿಕ್‌ನ ಗೆರೆ, ಮರದ ತಿರುವು ಎರಡೂ ಒಂದರ ಪಕ್ಕ ಒಂದು ಚೆನ್ನಾಗಿ ಕಾಣುತ್ತವೆ. ಹೊಟ್ಟೆಯ ಕೆಳಗೆ ಒಂದು ಟೆಕ್ನಿಕ್ ಬ್ರಿಕ್ ಅನ್ನು ಅಡ್ಡ ಮಲಗಿಸಿ, ರಂಧ್ರ ಮೇಲೆ ಕೆಳಗೆ ಬರುವ ಹಾಗೆ. ರಂಧ್ರ 4.8 ಮಿ.ಮೀ., 4 ಮಿ.ಮೀ. ಬೋಲ್ಟ್ ಸಲೀಸಾಗಿ ಹೋಗುತ್ತದೆ. ಬೊಡ್ಡೆಗೆ ಕೆಳಗಿನಿಂದ ತೂತು ಕೊರೆದು, ವಾಷರ್ ಹಾಕಿ, ಕೈಯಲ್ಲಿ ತಿರುಗಿಸುವಷ್ಟೇ ಬಿಗಿ ಮಾಡಿ. ಸ್ಪ್ಯಾನರ್ ಬೇಡ, ಬ್ರಿಕ್ ಸೀಳುತ್ತದೆ. ಎರಡು ಬೋಲ್ಟ್ ಇರಲಿ, ಒಂದೇ ಇದ್ದರೆ ಹಕ್ಕಿ ಗಿರಕಿ ಹೊಡೆಯುತ್ತದೆ.

ಕಾಡುಮಲ್ಲಿಗೆ

ಸರಿ. ಕೊನೆಗೆ ಕಣ್ಣು. ಬಕೆಟ್‌ನಲ್ಲಿ ಕೆಂಪು ದುಂಡು ಪ್ಲೇಟೂ ಇದೆ, ಬಿಳಿಯೂ ಇದೆ. ಯಾವುದು ಹಾಕಲಿ?

ಹಕ್ಕಿಕಣ್ಣು

ಗಂಡಿಗೆ ಕೆಂಪು ಕಣ್ಣು, ಸುತ್ತ ಕಪ್ಪು ಚರ್ಮ. ಹೆಣ್ಣಿಗೆ ನೀಲಿ ಬೆರೆತ ಬಿಳಿ ಕಣ್ಣು, ಸುತ್ತ ಕೆಂಪು ಚರ್ಮ. ಕೆಂಪು ಹಾಕುವುದಾದರೆ ಟೊಪ್ಪಿಯ ಮುಂದಿನ ತುದಿಗೂ ಹಿಂದಿನ ಅಂಚಿಗೂ ಕಪ್ಪು ಬೇಕು, ಗಂಡಿನದು ಹಾಗಿರುತ್ತದೆ. ನಿಮ್ಮ ಟೊಪ್ಪಿ ಪೂರ್ತಿ ಹಳದಿ ಅಲ್ವಾ?

ಕಾಡುಮಲ್ಲಿಗೆ

ಪೂರ್ತಿ ಹಳದಿ. ಅದನ್ನು ಬಿಚ್ಚೋದಿಲ್ಲ. ಹಾಗಾದರೆ ಇವಳು ಹೆಣ್ಣು.

ಹಕ್ಕಿಕಣ್ಣು

ಬಿಳಿ ದುಂಡು ಪ್ಲೇಟ್ ಹಾಕಿ, ಅದರ ಹಿಂದೆ ಕೆಂಪು ಪ್ಲೇಟ್‌ನ ಅಂಚು ಸ್ವಲ್ಪ ಕಾಣಲಿ. ಪುಟ್ಟದು ಮಾಡುತ್ತೀರಲ್ಲ ಮಕ್ಕಳಿಗೆ, ಅದನ್ನು ಗಂಡು ಮಾಡಿ. ಟೊಪ್ಪಿಗೆ ಎರಡು ಕಪ್ಪು ತುಂಡು, ಒಂದು ಕೆಂಪು ಕಣ್ಣು, ಅಷ್ಟೇ ಸಾಕು.